ಪರದೆ ಕಪ್ಪಾಗಬಾರದು: ಕೊಡಗಿನಲ್ಲಿ ಉಚಿತ ಚಾನೆಲ್ ನಡೆಸುವ ಕೆಲಸ

ಲೋಕಲ್ ಚಾನೆಲ್ ಮಾಡಬೇಕು ಅಂತ ಬರುವವರು ಮೊದಲು ಕೇಳುವುದು, ಕ್ಯಾಮೆರಾ ಯಾವುದು ತಗೊಳ್ಳಲಿ ಅಂತ. ಕ್ಯಾಮೆರಾ ಬಾಡಿಗೆಗೆ ಸಿಗುತ್ತದೆ, ಮದುವೆ ವಿಡಿಯೊ ಮಾಡುವವರ ಹತ್ತಿರ ಎರವಲಾಗಿಯೂ ಸಿಗುತ್ತದೆ. ಎರವಲು ಸಿಗದೇ ಇರುವುದು, ವರ್ಷದ 8,760 ಗಂಟೆಯೂ ಪರದೆ ಕಪ್ಪಾಗದಂತೆ ನೋಡಿಕೊಳ್ಳುವ ವ್ಯವಸ್ಥೆ. ಕೊಡಗಿನಲ್ಲಿ ಆ ಗಂಟೆಗಳಲ್ಲಿ ಮೂರನೇ ಒಂದು ಪಾಲು ಮಳೆಗಾಲದ್ದು. ಕಾರ್ಯಕ್ರಮ ಸಾಧಾರಣವಾಗಿದ್ದರೆ ಜನ ಬೈದುಕೊಂಡಾದರೂ ನೋಡುತ್ತಾರೆ. ಎರಡು ಸಂಜೆ ಕಪ್ಪು ಪರದೆ ಕಂಡರೆ ಆ ನಂಬರ್ ಒತ್ತುವುದನ್ನೇ ಮರೆಯುತ್ತಾರೆ. ನಾವು ದುಡ್ಡನ್ನೂ ಕೆಲಸವನ್ನೂ ಹಂಚಿದ್ದು ಈ ಲೆಕ್ಕದ ಮೇಲೆ.

ಉಚಿತ ಅಂದರೆ ಯಾವ ಉಚಿತ

ಫ್ರೀ ಟು ಏರ್ ಎಂದರೆ ಚಾನೆಲ್‌ನವರು ತಮ್ಮ ಚಾನೆಲ್ಲಿಗೆ ದರ ಇಟ್ಟಿಲ್ಲ ಎಂದಷ್ಟೇ. ಕೇಬಲ್ ಇರುವ ಮನೆಯವರು ತಿಂಗಳ ನೆಟ್‌ವರ್ಕ್ ಶುಲ್ಕ ಕಟ್ಟಿಯೇ ಅದನ್ನು ನೋಡಬೇಕು. ತಿಂಗಳ ಬಾಡಿಗೆಯೇ ಇಲ್ಲದ್ದು ಡಿಡಿ ಫ್ರೀ ಡಿಶ್. 93.5 ಡಿಗ್ರಿ ಪೂರ್ವದ ಜಿಸ್ಯಾಟ್-15 ಉಪಗ್ರಹದಿಂದ ಬರುತ್ತದೆ, ಡಿಡಿ ಚಂದನ ಅದರಲ್ಲೇ ಇದೆ. ಖಾಸಗಿ ಚಾನೆಲ್‌ಗಳಿಗೆ ಅಲ್ಲಿ ಜಾಗ ಸಿಗುವುದು ಪ್ರಸಾರ ಭಾರತಿಯ ಇ-ಹರಾಜಿನಲ್ಲಿ. ಒಂದು ಜಿಲ್ಲೆಯ ಅಂಗಡಿ ಜಾಹೀರಾತನ್ನು ನಂಬಿದ ಚಾನೆಲ್ಲಿಗೆ ಅದು ನಿಲುಕುವ ಮಾತಲ್ಲ. ಹಿಂದೆ ಮನೆ ಮೇಲೆ ಆಂಟೆನಾ ಕಟ್ಟಿ ನೋಡುತ್ತಿದ್ದ ದೂರದರ್ಶನದ ಅನಲಾಗ್ ಪ್ರಸಾರ 2022ರ ಹೊತ್ತಿಗೆ ಬಹುಪಾಲು ನಿಂತಿತು. ಹಾಗೆ ನೆಲದ ಮೇಲಿನ ಗೋಪುರದಿಂದ ಟಿವಿ ಬಿಡಲು ಖಾಸಗಿಯವರಿಗೆ ನಮ್ಮ ದೇಶದಲ್ಲಿ ಅವಕಾಶವಿಲ್ಲ.

ಉಳಿದದ್ದು ಎರಡು ದಾರಿ. ಮೊದಲನೆಯದು ಉಪಗ್ರಹ ಚಾನೆಲ್. ವಾರ್ತಾ ಸಚಿವಾಲಯದ 2022ರ ಅಪ್‌ಲಿಂಕ್-ಡೌನ್‌ಲಿಂಕ್ ಮಾರ್ಗಸೂಚಿಯ ಪ್ರಕಾರ ಸುದ್ದಿಯಲ್ಲದ ಮೊದಲ ಚಾನೆಲ್ಲಿಗೆ ಕಂಪನಿಯ ನಿವ್ವಳ ಮೌಲ್ಯ 5 ಕೋಟಿ ರೂಪಾಯಿ ಇರಬೇಕು, ಸುದ್ದಿ ಚಾನೆಲ್ಲಿಗೆ 20 ಕೋಟಿ. ಅನುಮತಿ 10 ವರ್ಷಕ್ಕೆ. ಇದರ ಮೇಲೆ ವಾರ್ಷಿಕ ಶುಲ್ಕ, ಉಪಗ್ರಹದಲ್ಲಿನ ಜಾಗದ (ಟ್ರಾನ್ಸ್‌ಪಾಂಡರ್) ಬಾಡಿಗೆ, ಅಲ್ಲಿಗೆ ಸಿಗ್ನಲ್ ಕಳಿಸುವ ಭೂಕೇಂದ್ರದ (ಟೆಲಿಪೋರ್ಟ್) ಬಾಡಿಗೆ. ಚಂದಾ ಆದಾಯ ಇಲ್ಲದ ಚಾನೆಲ್ ಆದ್ದರಿಂದ ಕೇಬಲ್ ಜಾಲದಲ್ಲಿ ಜಾಗಕ್ಕೆ ಕ್ಯಾರೇಜ್ ಶುಲ್ಕವನ್ನೂ ಎದುರು ಕೊಡಬೇಕಾಗುತ್ತದೆ.

ಎರಡನೆಯದು, ಕೇಬಲ್ ಸಂಸ್ಥೆಯ ಪ್ಲಾಟ್‌ಫಾರ್ಮ್ ಸರ್ವಿಸ್ ಆಗಿ, ಅಂದರೆ ಉಪಗ್ರಹಕ್ಕೆ ಹೋಗದೆ ಆ ಸಂಸ್ಥೆಯ ಜಾಲದಲ್ಲಿ ಮಾತ್ರ ಕಾಣುವ ಚಾನೆಲ್ ಆಗಿ ಬರುವುದು. ನಾವು ಹಿಡಿದದ್ದು ಇದನ್ನು. 2022ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಇದರ ನೋಂದಣಿ ಶುಲ್ಕ ಚಾನೆಲ್ಲಿಗೆ ಒಂದೇ ಸಲ 1,000 ರೂಪಾಯಿ. ನೋಂದಣಿ ಮಾಡಿಸಬೇಕಾದವರು ಎಂಎಸ್ಒ (ಚಾನೆಲ್‌ಗಳನ್ನು ಒಟ್ಟುಮಾಡಿ ಊರೂರಿನ ಕೇಬಲ್ ಆಪರೇಟರ್‌ಗಳಿಗೆ ಕೊಡುವ ದೊಡ್ಡ ಕೇಬಲ್ ಸಂಸ್ಥೆ), ನಾವಲ್ಲ. ಎಂಎಸ್ಒ ತನ್ನ ಒಟ್ಟು ಚಾನೆಲ್ ಸಾಮರ್ಥ್ಯದ ಶೇ 5ರಷ್ಟು ಮಾತ್ರ ಇಂಥ ಚಾನೆಲ್ ಇಟ್ಟುಕೊಳ್ಳಬಹುದು, ಆದರೆ ಜಿಲ್ಲಾ ಮಟ್ಟದ ವಿಷಯಕ್ಕೆಂದು ಪ್ರತಿ ಜಿಲ್ಲೆಗೂ ಇನ್ನೂ 2 ಚಾನೆಲ್‌ಗೆ ಅವಕಾಶವಿದೆ. ಎಂಎಸ್ಒ ಜೊತೆ ಮಾತಿಗೆ ಕೂತಾಗ ಈ 2ನ್ನು ಹಿಡಿದು ಮಾತಾಡಿ. ಜಾಗ ಇಲ್ಲ ಎಂಬ ಉತ್ತರಕ್ಕೆ ಅದೇ ಮರುಉತ್ತರ. ಸ್ಥಳೀಯ ಸುದ್ದಿ ಕೊಡಬೇಕಾದರೆ ಸಂಸ್ಥೆ ಕಂಪನಿಯಾಗಿ ನೋಂದಣಿ ಆಗಿರಬೇಕು. ಪರದೆಯ ಮೇಲೆ ಪ್ಲಾಟ್‌ಫಾರ್ಮ್ ಸರ್ವಿಸ್ ಎಂಬ ಬರಹ ಇರಬೇಕು. ಪ್ರಸಾರವಾದದ್ದರ ರೆಕಾರ್ಡಿಂಗ್ 90 ದಿನ ಉಳಿದಿರಬೇಕು.

ಜನ ಗಮನಿಸದ ಒಂದು ನಿಯಮ ಇದೆ. ಒಂದು ಎಂಎಸ್ಒದಲ್ಲಿ ಪ್ಲಾಟ್‌ಫಾರ್ಮ್ ಸರ್ವಿಸ್ ಆಗಿ ಬರುವ ಚಾನೆಲ್ ಇನ್ನೊಂದು ಎಂಎಸ್ಒದಲ್ಲಿ ಬರುವಂತಿಲ್ಲ. ದೇವಸ್ಥಾನದಂಥ ಕಡೆಯ ನೇರಪ್ರಸಾರಕ್ಕೆ ಮಾತ್ರ ವಿನಾಯಿತಿ. ಹಾಗಾಗಿ ಮಡಿಕೇರಿ, ವಿರಾಜಪೇಟೆ, ಕುಶಾಲನಗರ, ಸೋಮವಾರಪೇಟೆ, ಗೋಣಿಕೊಪ್ಪಲು ಐದೂ ಕಡೆ ಯಾವ ಆಪರೇಟರ್ ಯಾವ ಎಂಎಸ್ಒದ ಸಿಗ್ನಲ್ ತೆಗೆದುಕೊಳ್ಳುತ್ತಿದ್ದಾರೆ ಎಂದು ಮೊದಲೇ ಪಟ್ಟಿ ಮಾಡದೆ ಒಪ್ಪಂದಕ್ಕೆ ಸಹಿ ಹಾಕಬಾರದು. ಅರ್ಧ ಜಿಲ್ಲೆಗೆ ಮಾತ್ರ ಕಾಣುವ ಚಾನೆಲ್ಲಿಗೆ ಇಡೀ ಜಿಲ್ಲೆಯ ದರದಲ್ಲಿ ಜಾಹೀರಾತು ಯಾರೂ ಕೊಡುವುದಿಲ್ಲ.

ಗಂಟೆ ತುಂಬುವ ಲೆಕ್ಕ

ದಿನಕ್ಕೆ 24 ಗಂಟೆ ಹೊಸ ಕಾರ್ಯಕ್ರಮ ಎಂಟು ಜನರ ತಂಡಕ್ಕೆ ಆಗದ ಕೆಲಸ. ನಾವು 4 ಗಂಟೆಯ ಒಂದು ಸುತ್ತು ಮಾಡಿ ದಿನಕ್ಕೆ ಆರು ಸಲ ತಿರುಗಿಸಿದೆವು. ಆ 4 ಗಂಟೆಯಲ್ಲೂ ನಿಜವಾಗಿ ಹೊಸದು 70ರಿಂದ 75 ನಿಮಿಷ: ಅರ್ಧ ಗಂಟೆ ಸುದ್ದಿ, ಅರ್ಧ ಗಂಟೆ ಕೊಡವ ತಕ್ಕ್ ಅಥವಾ ಅರೆಭಾಷೆಯ ಕಾರ್ಯಕ್ರಮ, ಹತ್ತು ಹದಿನೈದು ನಿಮಿಷ ತೋಟದ ವಿಷಯ. ಮಿಕ್ಕಿದ್ದು ವಾರದ ಸಂಚಿಕೆ, ಹಳೆಯ ದಾಸ್ತಾನು, ಫಿಲ್ಲರ್ (ಖಾಲಿ ಹೊತ್ತು ತುಂಬುವ ತುಣುಕು). ಸುತ್ತು ಸರಿಯಾಗಿ 4 ಗಂಟೆ ಇದ್ದರೆ ಒಂದು ಕಾರ್ಯಕ್ರಮ ದಿನಾ ಅದೇ ಹೊತ್ತುಗಳಲ್ಲಿ ಬರುತ್ತದೆ. ಬೆಳಿಗ್ಗೆ ತೋಟಕ್ಕೆ ಹೊರಡುವ ಮೊದಲು ನೋಡಲಾಗದವರಿಗೆ ರಾತ್ರಿಯ ಸುತ್ತಿನಲ್ಲಿ ಸಿಗಬೇಕು. ಹಾಗಾಗಿ ಸುತ್ತು ಶುರುವಾಗುವ ಗಂಟೆಯನ್ನು ಆರಿಸುವಾಗ ರಾತ್ರಿ 8ಕ್ಕೆ ಸುದ್ದಿ ಬೀಳುವ ಹಾಗೆ ಹಿಂದಕ್ಕೆ ಎಣಿಸಬೇಕು.

ಎಲ್ಲಕ್ಕಿಂತ ಹೆಚ್ಚು ನೋಡುಗರನ್ನು ಹಿಡಿದಿಟ್ಟದ್ದು ಪರದೆ ಕೆಳಗಿನ ಒಂದು ಪಟ್ಟಿ. ಕಾಫಿ ದರ (ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರಿ, 50 ಕೆ.ಜಿ. ಚೀಲಕ್ಕೆ), ಕರಿಮೆಣಸಿನ ದರ, ಊರೂರಿನ ಮಳೆ ಇಂಚಿನಲ್ಲಿ, ಹಾರಂಗಿ ಅಣೆಕಟ್ಟೆಯ ಇಂದಿನ ಮಟ್ಟ ಮತ್ತು ಅದರ ಗರಿಷ್ಠ ಮಟ್ಟವಾದ 2,859 ಅಡಿ. ಮಿಲಿಮೀಟರ್‌ನಲ್ಲಿ ಮಳೆ ಹಾಕಿದರೆ ಇಲ್ಲಿನ ಬೆಳೆಗಾರರು ಮನಸ್ಸಿನಲ್ಲೇ 25ರಿಂದ ಭಾಗಿಸುತ್ತಾ ಕೂರಬೇಕು. ದರದ ಪಕ್ಕ ದಿನಾಂಕ ಕಡ್ಡಾಯ. ರಜೆಯ ಮರುದಿನ ಹಳೆಯ ದರ ತಿರುಗುತ್ತಿದ್ದರೆ, ಅದನ್ನು ನಂಬಿ ಚೀಲ ಹೊರಿಸಿದವರ ಮುಂದೆ ಚಾನೆಲ್ಲಿನ ಮರ್ಯಾದೆ ಉಳಿಯುವುದಿಲ್ಲ.

ಹೊರಗಿನಿಂದ ಬರುವ ವಿಡಿಯೊ ದೊಡ್ಡ ತಲೆನೋವು. ತಾಲ್ಲೂಕಿನ ವರದಿಗಾರರು ಫೋನಿನಲ್ಲೇ ತೆಗೆಯುತ್ತಾರೆ, ಅದಕ್ಕೆ ಅಡ್ಡಿಯಿಲ್ಲ. ಆದರೆ ಫೋನ್ ಅಡ್ಡ ಹಿಡಿಯಬೇಕು, ಸೆಟ್ಟಿಂಗ್ 1080, ಸೆಕೆಂಡಿಗೆ 25 ಫ್ರೇಮ್, ಶಟರ್ 50ರಲ್ಲಿ ಒಂದು. ನಮ್ಮ ಕರೆಂಟ್ 50 ಹರ್ಟ್ಜ್. 60ರ ಶಟರ್‌ನಲ್ಲಿ ತೆಗೆದ ಪಂಚಾಯಿತಿ ಸಭೆಯಲ್ಲಿ ಟ್ಯೂಬ್‌ಲೈಟ್ ಪಟ್ಟೆ ಪಟ್ಟೆಯಾಗಿ ಹರಿಯುತ್ತದೆ, ಎಡಿಟಿಂಗ್‌ನಲ್ಲಿ ಅದು ಪೂರ್ತಿ ಹೋಗುವುದಿಲ್ಲ. ವಾಟ್ಸಾಪ್‌ನಲ್ಲಿ ವಿಡಿಯೊ ಆಗಿ ಕಳಿಸಿದರೆ ಅರ್ಧ ವಿವರ ಅಲ್ಲೇ ಉದುರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಬೇಕು. ಫೋನ್ ಫೈಲುಗಳ ಫ್ರೇಮ್ ದರ ಮಧ್ಯೆ ಮಧ್ಯೆ ಏರಿಳಿಯುತ್ತದೆ, ಅದರಿಂದ ಹತ್ತನೇ ನಿಮಿಷಕ್ಕೆ ತುಟಿಯೂ ಮಾತೂ ಬೇರೆ ಬೇರೆ. ಬಂದ ಫೈಲ್ ಯಾವುದೇ ಇರಲಿ, ಎಡಿಟಿಂಗ್‌ಗೆ ಮೊದಲು ಎಫ್ಎಫ್ಎಂಪೆಗ್ ಎಂಬ ತಂತ್ರಾಂಶದಲ್ಲಿ ಸ್ಥಿರ 25 ಫ್ರೇಮ್‌ಗೆ ಬದಲಿಸುವುದು ನಮ್ಮಲ್ಲಿ ತಪ್ಪದ ಪದ್ಧತಿ.

ಹಳೆಯ ಮಿನಿ ಡಿವಿ ಟೇಪುಗಳು ಐನ್‌ಮನೆಗಳ (ಕೊಡವ ಮನೆತನಗಳ ಮೂಲಮನೆ) ಅಟ್ಟದಲ್ಲಿ ಬೇಕಾದಷ್ಟಿವೆ, ಒಳ್ಳೆಯ ದಾಸ್ತಾನು. ಟಿವಿಯ ಒಂದೊಂದು ಫ್ರೇಮೂ ಎರಡು ಫೀಲ್ಡ್ ಆಗಿ, ಅಂದರೆ ಸಾಲು ಬಿಟ್ಟು ಸಾಲಿನ ಎರಡು ಅರ್ಧವಾಗಿ ಬರುತ್ತದೆ. ಆ ಟೇಪುಗಳದ್ದು ಕೆಳ ಫೀಲ್ಡ್ ಮೊದಲು ಇರುವ ಚಿತ್ರ. ನಮ್ಮ ಪ್ರಸಾರ ಮೇಲಿನ ಫೀಲ್ಡ್ ಮೊದಲು. ಬದಲಿಸದೆ ಹಾಕಿದರೆ ನಿಂತ ದೃಶ್ಯ ಚೆನ್ನಾಗಿಯೇ ಕಾಣುತ್ತದೆ, ಪುತ್ತರಿ ಕೋಲಾಟ ಶುರುವಾದ ಕೂಡಲೆ ಕೈಕಾಲೆಲ್ಲ ನಡುಗುತ್ತದೆ. ಹೀಗಾಗಿ ಟೇಪ್ ಪರೀಕ್ಷೆ ಮಾಡುವುದು ಯಾವಾಗಲೂ ಓಡಾಟ ಇರುವ ದೃಶ್ಯದಲ್ಲಿ.

ಧ್ವನಿಗೆ ಒಂದೇ ಅಳತೆ: ಎಲ್ಲ ಫೈಲೂ ಮೈನಸ್ 23 ಎಲ್‌ಯುಎಫ್ಎಸ್ (ಕಿವಿಗೆ ಕೇಳುವ ಸರಾಸರಿ ಜೋರಿನ ಅಳತೆ), ಗರಿಷ್ಠ ಶಿಖರ ಮೈನಸ್ 1 ಡಿಬಿ. ಅಂಗಡಿಯವರು ಕೊಡುವ ಜಾಹೀರಾತು ಇದಕ್ಕಿಂತ ಹತ್ತು ಹನ್ನೆರಡು ಡಿಬಿ ಜೋರಾಗಿರುತ್ತದೆ. ಸರಿ ಮಾಡದೆ ಹಾಕಿದರೆ ಮಲಗಿದ ಮಗು ಎದ್ದು ಕೂರುತ್ತದೆ, ಫೋನ್ ನಮಗೆ ಬರುತ್ತದೆ. ವಾಲಗ ರೆಕಾರ್ಡ್ ಮಾಡುವಾಗ ಡೋಲಿನ ಪೆಟ್ಟು ಮೈನಸ್ 12 ದಾಟದಂತೆ ಗೇನ್ ಇಳಿಸಿ. ಒಡೆದ ಧ್ವನಿಯನ್ನು ಆಮೇಲೆ ಯಾರೂ ಕೂಡಿಸಲಾರರು.

ಪ್ಲೇಔಟ್

ಪ್ಲೇಔಟ್ ಅಂದರೆ ಪಟ್ಟಿಯ ಪ್ರಕಾರ ಕಾರ್ಯಕ್ರಮಗಳನ್ನು ಒಂದರ ಹಿಂದೊಂದು ಪ್ರಸಾರಕ್ಕೆ ಬಿಡುವುದು. ಚಾನೆಲ್ಲಿನ ಈ ಹೃದಯ ಎರಡು ಕಂಪ್ಯೂಟರ್. ಎರಡರಲ್ಲೂ ಟಿವಿ ಸಿಗ್ನಲ್ (ಎಸ್‌ಡಿಐ) ಹೊರಗೆ ಕೊಡುವ ಡೆಕ್‌ಲಿಂಕ್ ಕಾರ್ಡ್, ಎರಡರಲ್ಲೂ ಅದೇ ಪಟ್ಟಿ, ಎರಡೂ ಒಟ್ಟಿಗೆ ಓಡುತ್ತಿರುತ್ತವೆ. ಸಾಫ್ಟ್‌ವೇರ್ ಕ್ಯಾಸ್ಪರ್‌ಸಿಜಿ, ಸ್ವೀಡನ್ನಿನ ಸಾರ್ವಜನಿಕ ಟಿವಿಯಲ್ಲಿ ಹುಟ್ಟಿದ್ದು, ಮುಕ್ತ ಆಕರದ್ದು, ದುಡ್ಡಿಲ್ಲ. ಎರಡು ಎಸ್‌ಡಿಐಯೂ ಒಂದು ಚೇಂಜ್‌ಓವರ್ ಸ್ವಿಚ್‌ಗೆ ಹೋಗುತ್ತವೆ. ಮೊದಲ ಸಾಲಿನಲ್ಲಿ ಸಿಗ್ನಲ್ ಹೋದರೆ, ಚಿತ್ರ ಕಪ್ಪಾದರೆ, ಹೆಪ್ಪುಗಟ್ಟಿದರೆ ಎರಡನೆಯದಕ್ಕೆ ಹಾರಬೇಕು. ಸಿಗ್ನಲ್ ಹೋದದ್ದನ್ನಷ್ಟೇ ಕಂಡುಹಿಡಿಯುವ ಸ್ವಿಚ್ ಸಾಲದು. ಕಂಪ್ಯೂಟರ್ ನಿಂತುಹೋದರೂ ಕಾರ್ಡ್ ಕೊನೆಯ ಫ್ರೇಮನ್ನೇ ಕಳಿಸುತ್ತಿರುತ್ತದೆ, ಸ್ವಿಚ್‌ಗೆ ಎಲ್ಲಾ ಸರಿಯಾಗಿದೆ ಅನಿಸುತ್ತದೆ. ಹೆಪ್ಪುಗಟ್ಟುವಿಕೆಯ ಮಿತಿಯನ್ನು 20 ಸೆಕೆಂಡಿಗೆ ಇಡಿ. 5ಕ್ಕೆ ಇಟ್ಟರೆ ಶ್ರದ್ಧಾಂಜಲಿಯ ನಿಂತ ಫೋಟೊ ಬಂದಾಗಲೆಲ್ಲ ಹಾರುತ್ತದೆ.

ಮೂರನೆಯದು, ಹೆಡ್‌ಎಂಡ್‌ನಲ್ಲೇ (ಎಲ್ಲ ಚಾನೆಲ್‌ಗಳನ್ನು ಕೂಡಿಸಿ ಕೇಬಲ್ ಜಾಲಕ್ಕೆ ಬಿಡುವ ಕೇಂದ್ರ) ಇಡುವ ಒಂದು ಸಣ್ಣ ಮೀಡಿಯಾ ಪ್ಲೇಯರ್. ಪೆನ್‌ಡ್ರೈವ್‌ನಲ್ಲಿ ಅರ್ಧ ಗಂಟೆಯ ಕೊಡಗಿನ ದೃಶ್ಯಗಳು, ವಾಲಗ, ನಮ್ಮ ಲೋಗೊ. ಸ್ಟುಡಿಯೊದಿಂದ ಬರುವ ಫೈಬರ್ ಕಡಿದರೆ ಇದು ಓಡುತ್ತದೆ. ಅಗ್ಗದ ಸಾಮಾನು, ಆದರೆ ಇದರಷ್ಟು ಹೆಸರು ಉಳಿಸಿದ ಸಾಮಾನು ಬೇರೆ ಇಲ್ಲ.

ಪ್ಲೇಔಟ್ ಕೆಡುವುದು ಬಹುತೇಕ ಸಣ್ಣ ಕಾರಣಕ್ಕೆ. ವಿಂಡೋಸ್ ಅಪ್‌ಡೇಟ್ ತಾನೇ ಮರುಚಾಲನೆ ಮಾಡಿಕೊಳ್ಳುತ್ತದೆ. ಆ ಕಂಪ್ಯೂಟರಿಗೆ ಇಂಟರ್‌ನೆಟ್ಟೇ ಕೊಡಬೇಡಿ, ಸಮಯ ಮಾತ್ರ ಒಳಜಾಲದ ಎನ್‌ಟಿಪಿ ಗಡಿಯಾರದಿಂದ ಬರಲಿ. ಫೈಲ್ ಹೆಸರಿನಲ್ಲಿ ಕನ್ನಡ ಅಕ್ಷರ ಅಥವಾ ಖಾಲಿ ಜಾಗ ಇದ್ದರೆ ಕೆಲವು ಪಟ್ಟಿಗಳು ಅದನ್ನು ಸದ್ದಿಲ್ಲದೆ ಹಾರಿಸಿಬಿಡುತ್ತವೆ. ದಿನಾಂಕ, ಊರು, ಕ್ರಮಸಂಖ್ಯೆ, ಇಂಗ್ಲಿಷ್ ಸಣ್ಣಕ್ಷರ, ನಡುವೆ ಅಡಿಗೆರೆ, ಇಷ್ಟೇ. ಫೈಲ್ ಇನ್ನೂ ಕಾಪಿ ಆಗುತ್ತಿರುವಾಗಲೇ ಪಟ್ಟಿಗೆ ಸೇರಿಸಿದರೆ ಮಧ್ಯದಲ್ಲಿ ನಿಲ್ಲುತ್ತದೆ. 90 ದಿನದ ರೆಕಾರ್ಡಿಂಗ್ ಅದೇ ಡಿಸ್ಕ್‌ಗೆ ಹೋಗುತ್ತಿದ್ದರೆ ಒಂದು ರಾತ್ರಿ ಡಿಸ್ಕ್ ತುಂಬಿ ಎರಡೂ ನಿಲ್ಲುತ್ತವೆ.

ರೆಕಾರ್ಡಿಂಗ್‌ಗೆ ಬೇರೆ ಕಂಪ್ಯೂಟರ್ ಬೇಕು, ದೊಡ್ಡದೇನೂ ಬೇಡ. 2 ಎಂಬಿಪಿಎಸ್‌ನಲ್ಲಿ ದಿನಕ್ಕೆ 21.6 ಜಿಬಿ, 90 ದಿನಕ್ಕೆ 1,944 ಜಿಬಿ. 4 ಟಿಬಿಯ ಎರಡು ಡಿಸ್ಕ್ ಜೋಡಿಯಾಗಿ ಹಾಕಿದರೆ ಒಂದು ಸತ್ತರೂ ಇನ್ನೊಂದು ಉಳಿಯುತ್ತದೆ. ರೆಕಾರ್ಡ್ ಮಾಡುವುದು ಪ್ಲೇಔಟ್‌ನ ಬಾಯಿಂದಲ್ಲ, ಸೆಟ್‌ಟಾಪ್ ಬಾಕ್ಸ್ ತಲುಪಿದ ಸಿಗ್ನಲ್‌ನಿಂದ ಆಗಬೇಕು. ದೂರು ಬಂದಾಗ ಅಧಿಕಾರಿಗಳು ಕೇಳುವುದು ಜನರಿಗೆ ಏನು ಕಂಡಿತು ಅಂತ. ಪ್ರಸಾರಕ್ಕೆ ಸಿದ್ಧವಾದ ಫೈಲುಗಳಿಗೆ ನಾವು 50 ಎಂಬಿಪಿಎಸ್‌ನ ಎಂಪೆಗ್-2 ಇಟ್ಟುಕೊಂಡೆವು, ಗಂಟೆಗೆ 22.5 ಜಿಬಿ. ನೂರು ಗಂಟೆಯ ದಾಸ್ತಾನಿಗೆ 2.25 ಟಿಬಿ.

ಹೆಡ್‌ಎಂಡ್‌ವರೆಗೆ, ಅಲ್ಲಿಂದ ಮನೆಗೆ

ಚಿತ್ರವನ್ನು ಕುಗ್ಗಿಸುವ ಎನ್‌ಕೋಡರ್ ಸ್ಟುಡಿಯೊದಲ್ಲಿದ್ದರೆ ಫೈಬರಿನಲ್ಲಿ ಹೋಗುವುದು 3 ಎಂಬಿಪಿಎಸ್‌ನಷ್ಟು ಐಪಿ ಮಾತ್ರ, ಹೆಡ್‌ಎಂಡ್‌ನಲ್ಲಿಟ್ಟರೆ 1.485 ಜಿಬಿಪಿಎಸ್‌ನ ಎಸ್‌ಡಿಐಯನ್ನೇ ಸಾಗಿಸಬೇಕು. ನಾವು ಸ್ಟುಡಿಯೊದಲ್ಲೇ ಇಟ್ಟೆವು. ಕುಗ್ಗಿಸುವ ವಿಧಾನ ಎಚ್.264, ಎಸ್‌ಡಿ 720 ಗುಣಿಸು 576, ಚಿತ್ರಕ್ಕೆ 2.2 ಎಂಬಿಪಿಎಸ್, ಧ್ವನಿ ಎಂಪೆಗ್ ಲೇಯರ್-2 128 ಕೆಬಿಪಿಎಸ್, ಒಟ್ಟು ಹರಿವು ಸ್ಥಿರ ದರದಲ್ಲಿ. ಧ್ವನಿಗೆ ಎಎಸಿ ಬೇಡ. ಹಳೆಯ ಬಾಕ್ಸುಗಳಲ್ಲಿ ಚಿತ್ರ ಬಂದು ಸದ್ದು ಬರುವುದಿಲ್ಲ. ಕಳಿಸುವುದು ಯುಡಿಪಿ ಮಲ್ಟಿಕ್ಯಾಸ್ಟ್ ಆಗಿ (ಒಂದೇ ಹರಿವನ್ನು ಬೇಕಾದವರೆಲ್ಲ ಪಡೆಯುವ ಬಗೆ), ಪ್ಯಾಕೆಟ್ಟಿಗೆ 188 ಬೈಟಿನ ಏಳು ತುಂಡು, ಅಂದರೆ 1,316 ಬೈಟ್. ಟಿಟಿಎಲ್ (ಪ್ಯಾಕೆಟ್ ಎಷ್ಟು ರೂಟರ್ ದಾಟಬಹುದೆಂಬ ಮಿತಿ) 1 ಇದ್ದರೆ ಮೊದಲ ರೂಟರಿನಲ್ಲೇ ಸಾಯುತ್ತದೆ, 16 ಮಾಡಿ. ಸ್ವಿಚ್ಚಿನಲ್ಲಿ ಐಜಿಎಂಪಿ ಸ್ನೂಪಿಂಗ್ (ಕೇಳಿದ ಪೋರ್ಟಿಗೆ ಮಾತ್ರ ಕಳಿಸುವ ಸೌಲಭ್ಯ) ಹಾಕದಿದ್ದರೆ ನಮ್ಮ ಚಾನೆಲ್ ಎಲ್ಲ ಪೋರ್ಟಿಗೂ ಹರಿದು ಆಪರೇಟರ್ ನಮ್ಮ ಮೇಲೆ ಹರಿಹಾಯುತ್ತಾರೆ.

ಹೆಡ್‌ಎಂಡ್‌ನಲ್ಲಿ ಚಾನೆಲ್‌ಗಳನ್ನು ಒಟ್ಟು ಮಾಡುವ ಮಲ್ಟಿಪ್ಲೆಕ್ಸರ್, ಬೀಗ ಹಾಕುವ ಸ್ಕ್ರ್ಯಾಂಬ್ಲರ್, ಕೇಬಲ್ಲಿನ ಫ್ರೀಕ್ವೆನ್ಸಿಗೆ ಏರಿಸುವ ಕ್ವಾಮ್ ಮಾಡ್ಯುಲೇಟರ್. 64 ಕ್ವಾಮ್, 6.875 ಮೆಗಾಸಿಂಬಲ್‌ನಲ್ಲಿ ಒಂದು ಫ್ರೀಕ್ವೆನ್ಸಿಗೆ 38 ಎಂಬಿಪಿಎಸ್ ಸಿಗುತ್ತದೆ, ಅದರಲ್ಲಿ ನಾವು ಹದಿನೈದರಲ್ಲಿ ಒಬ್ಬರು. ಸರ್ವಿಸ್ ಐಡಿ (ಬಾಕ್ಸ್ ಚಾನೆಲ್ಲನ್ನು ಗುರುತಿಸುವ ಸಂಖ್ಯೆ) ಬೇರೆ ಚಾನೆಲ್ಲಿನದರ ಜೊತೆ ಡಿಕ್ಕಿ ಹೊಡೆಯದಂತೆ ಬರೆಸಿಕೊಳ್ಳಬೇಕು. ಚಾನೆಲ್ ನಂಬರ್ ಬದಲಿಸುವುದಾದರೆ ಹದಿನೈದು ದಿನ ಮೊದಲು ತಿಳಿಸಬೇಕೆಂದು ಒಪ್ಪಂದದಲ್ಲೇ ಹಾಕಿಸಿ. ಮಂಗಳವಾರ ಇದ್ದ ನಂಬರಿನಲ್ಲಿ ಬುಧವಾರ ಬೇರೆ ಚಾನೆಲ್ ಕಂಡರೆ ಜನ ನಮ್ಮದು ಮುಚ್ಚಿತು ಅಂದುಕೊಳ್ಳುತ್ತಾರೆ.

ಮನೆಗೆ ಹೋಗುವ ಫೈಬರಿನ ಲೆಕ್ಕ ಆಪರೇಟರ್‌ನದ್ದು, ಆದರೂ ನಮಗೂ ಗೊತ್ತಿರಬೇಕು. 1550 ನ್ಯಾನೊಮೀಟರ್‌ನಲ್ಲಿ ಆಂಪ್ಲಿಫೈಯರ್ 18 ಡಿಬಿಎಂ (ಬೆಳಕಿನ ಶಕ್ತಿಯ ಅಳತೆ) ಕೊಟ್ಟರೆ, 20 ಕಿ.ಮೀ. ಫೈಬರಿಗೆ 5, ಎಂಟಕ್ಕೆ ಒಡೆಯುವ ಸ್ಪ್ಲಿಟರಿಗೆ 10.5, ಕನೆಕ್ಟರ್ ಸ್ಪ್ಲೈಸ್ ಎಲ್ಲ ಸೇರಿ 1 ಕಳೆದು ಬೆಳಕನ್ನು ಮತ್ತೆ ಕೇಬಲ್ ಸಿಗ್ನಲ್ ಮಾಡುವ ನೋಡ್‌ನಲ್ಲಿ 1.5 ಡಿಬಿಎಂ ಉಳಿಯುತ್ತದೆ. ಮನೆಯ ಬಾಕ್ಸ್ ಬಾಯಲ್ಲಿ 50ರಿಂದ 65 ಡಿಬಿ ಮೈಕ್ರೋವೋಲ್ಟ್, ಎಂಇಆರ್ (ಸಿಗ್ನಲ್ ಎಷ್ಟು ಶುದ್ಧ ಎಂಬ ಅಳತೆ) 30ಕ್ಕಿಂತ ಮೇಲಿದ್ದರೆ ನಿಶ್ಚಿಂತೆ. ಹಸಿರು ಕನೆಕ್ಟರಿಗೆ ನೀಲಿ ಕನೆಕ್ಟರ್ ಜೋಡಿಸಿದ್ದು ಕಂಡರೆ ಆಗಲೇ ಬಿಚ್ಚಿಸಿ. ಹಸಿರಿನ ತುದಿ ಓರೆ, ನೀಲಿಯದ್ದು ನೇರ; ಅವೆರಡು ಕೂಡುವುದಿಲ್ಲ, ಸಿಗ್ನಲ್ಲೂ ಹೋಗುತ್ತದೆ, ತುದಿಯೂ ಹಾಳಾಗುತ್ತದೆ.

ಮೀಟರ್ ಹಿಡಿದು ಹೋಗುವ ಮೊದಲು ಅರ್ಧ ದೋಷ ಫೋನಿನಲ್ಲೇ ಗೊತ್ತಾಗುತ್ತದೆ. ಕೇಳುವ ಪ್ರಶ್ನೆ ಸರಿಯಿರಬೇಕು ಅಷ್ಟೆ. "ಅಣ್ಣಾ, ನಿಮ್ಮದು ಮಾತ್ರ ಬರ್ತಾ ಇಲ್ಲ, ಏನೋ ಇಂಗ್ಲಿಷಲ್ಲಿ ಬರಿತದೆ" ಅಂದರೆ ಆ ಮನೆಯ ಬಾಕ್ಸಿನ ಕಾರ್ಡಿಗೆ ನಮ್ಮ ಚಾನೆಲ್ ಆಕ್ಟಿವೇಟ್ ಆಗಿಲ್ಲ. ಉಚಿತ ಚಾನೆಲ್ಲಾದರೂ ಆಪರೇಟರ್ ಪ್ಯಾಕಿಗೆ ಸೇರಿಸಲೇಬೇಕು. ಚಾನೆಲ್ ಕಾಣೆಯಾಗಿದೆ ಎಂಬ ದೂರುಗಳಲ್ಲಿ ಹೆಚ್ಚಿನವು ಇದೇ. "ಸೌಂಡ್ ಉಂಟು, ಪಿಕ್ಚರ್ ಇಲ್ಲ" ಅಂದರೆ ಎಚ್.264 ಓದಲಾರದ ಹಳೆಯ ಎಂಪೆಗ್-2 ಬಾಕ್ಸ್. ನಮ್ಮದರ ಜೊತೆ ಇನ್ನೂ ಹತ್ತು ಚಾನೆಲ್ ಚೌಕ ಚೌಕ ಒಡೆಯುತ್ತಿದ್ದರೆ ಅದೇ ಫ್ರೀಕ್ವೆನ್ಸಿಯ ತೊಂದರೆ. ಮಳೆ ಬಂದಾಗ ಮಾತ್ರ ಅಂದರೆ ಕಂಬದ ಮೇಲಿನ ಕನೆಕ್ಟರಿನಲ್ಲಿ ನೀರು. ದಿನಾ ಸಂಜೆ 8ರಿಂದ 10ರವರೆಗೆ ಮಾತ್ರ, ಅದೂ ನಮ್ಮ ಚಾನೆಲ್ ಒಂದೇ ಅಂದರೆ, ಸ್ಟುಡಿಯೊ ಫೈಬರಿನಲ್ಲೇ ಬ್ರಾಡ್‌ಬ್ಯಾಂಡೂ ಓಡುತ್ತಿದೆ. ಊರೆಲ್ಲ ಮೊಬೈಲ್ ನೋಡುವ ಹೊತ್ತಿಗೆ ನಮ್ಮ ಪ್ಯಾಕೆಟ್ ಉದುರುತ್ತವೆ. ನಮಗೆ ಬೇರೆ ವಿಲ್ಯಾನ್ (ಅದೇ ಫೈಬರಿನೊಳಗೆ ಪ್ರತ್ಯೇಕ ಓಣಿ), ಮೊದಲ ಆದ್ಯತೆ ಕೊಡಿಸಿದ ಮೇಲೆ ನಿಲ್ಲುತ್ತದೆ. ಈ ಕೊನೆಯದನ್ನು ಹಗಲು ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಪರದೆಯ ಮೇಲೆ ಕನ್ನಡ

ಹೊರಗಿನಿಂದ ಬಂದ ಟೈಟಲ್ ಸಾಫ್ಟ್‌ವೇರ್‌ಗಳು ಕನ್ನಡವನ್ನು ಕೊಲ್ಲುವ ಬಗೆ ನೋಡಿಯೇ ತಿಳಿಯಬೇಕು. ಒತ್ತಕ್ಷರ ಜೋಡಿಸಲು ಬಾರದ ತಂತ್ರಾಂಶ 'ವಿದ್ಯುತ್' ಎಂಬುದನ್ನು ದ, ಅದಕ್ಕೊಂದು ಹಲಂತದ ಗುರುತು, ಆಮೇಲೆ ಯ ಎಂದು ಬಿಡಿಸಿ ತೋರಿಸುತ್ತದೆ. ಬಹಳ ಕಡೆ ಇದಕ್ಕೆ ಪರಿಹಾರವಾಗಿ ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟ್ ಬಳಸುತ್ತಾರೆ. ಚೆನ್ನಾಗಿಯೇ ಕಾಣುತ್ತದೆ, ಆದರೆ ವರದಿಗಾರ ಫೋನಿನಿಂದ ಕಳಿಸಿದ ಯೂನಿಕೋಡ್ ಸಾಲನ್ನು ಸ್ಕ್ರೋಲಿಗೆ ನೇರ ಹಾಕಲಾಗದು. ಪ್ರತಿ ಸಲ ಪರಿವರ್ತನೆ, ಪ್ರತಿ ಸಲ ಒಂದೆರಡು ಅಕ್ಷರ ತಪ್ಪು. ನಾವು ಗ್ರಾಫಿಕ್ಸ್ ಎಲ್ಲವನ್ನೂ ಎಚ್‌ಟಿಎಂಎಲ್ ಟೆಂಪ್ಲೇಟ್‌ಗೆ ಬದಲಿಸಿದೆವು. ಕ್ಯಾಸ್ಪರ್‌ಸಿಜಿ ಒಳಗೆ ಬ್ರೌಸರ್ ಎಂಜಿನ್ನೇ ಇರುವುದರಿಂದ ಬ್ರೌಸರಿನಲ್ಲಿ ಸರಿ ಕಾಣುವ ಕನ್ನಡ ಪರದೆಯಲ್ಲೂ ಸರಿ ಕಾಣುತ್ತದೆ.

ಅಕ್ಷರ ಇಂಗ್ಲಿಷಿಗಿಂತ ಸುಮಾರು ಕಾಲು ಪಾಲು ದೊಡ್ಡದಿರಬೇಕು, ಪಟ್ಟಿಯ ಎತ್ತರ ಅದಕ್ಕಿಂತಲೂ ಹೆಚ್ಚು. ಇಂಗ್ಲಿಷ್ ಅಳತೆಯ ಪಟ್ಟಿಯಲ್ಲಿ 'ಪೊನ್ನಂಪೇಟೆ'ಯ ನ-ಒತ್ತು ಅರ್ಧ ಕತ್ತರಿಸಿ 'ಪೊನಂಪೇಟೆ' ಆಗುತ್ತದೆ. ತೆಳುಗೆರೆಯ ಫಾಂಟ್ ಬೇಡ. ಎಸ್‌ಡಿಯ ಇಂಟರ್‌ಲೇಸ್‌ನಲ್ಲಿ (ಎರಡು ಫೀಲ್ಡಿನ ಆ ಪದ್ಧತಿ) ಒಂದೇ ಸಾಲಿನ ದಪ್ಪದ ಗೆರೆ ಮಿನುಗುತ್ತದೆ, ನಮ್ಮ ತಲೆಕಟ್ಟುಗಳೆಲ್ಲ ಅಡ್ಡಗೆರೆಗಳೇ. ತೋಟದ ಲೈನ್‌ಮನೆಗಳಲ್ಲಿ (ಕಾರ್ಮಿಕರ ಮನೆಸಾಲು) ಹಳೆಯ 4:3 ಟಿವಿ ಇನ್ನೂ ಇವೆ, ಕೆಲವು ಬಾಕ್ಸುಗಳು ಎರಡೂ ಬದಿ ಕತ್ತರಿಸುತ್ತವೆ. ಓದಲೇಬೇಕಾದ ಬರಹವನ್ನು ಅಗಲದ ನಡುವಿನ ಶೇ 75ರೊಳಗೆ ಇಡಿ.

ಕೊಡವ ತಕ್ಕ್‌ನ ಕೆಲವು ಸ್ವರಗಳಿಗೆ ಕನ್ನಡ ಲಿಪಿಯಲ್ಲಿ ಅಕ್ಷರವಿಲ್ಲ. ಹೇಗೆ ಬರೆದರೂ ಒಬ್ಬರು ತಪ್ಪು ಅನ್ನುತ್ತಾರೆ. ಒಂದು ಕಾಗುಣಿತದ ಪಟ್ಟಿ ಮಾಡಿ ಗೋಡೆಗೆ ಅಂಟಿಸಿ ಎಲ್ಲರೂ ಅದನ್ನೇ ಹಿಡಿಯುವುದು ಒಳ್ಳೆಯದು. ಮನೆತನದ ಹೆಸರಿನಲ್ಲಿ ಮಾತ್ರ ನಮ್ಮ ಪಟ್ಟಿ ನಡೆಯುವುದಿಲ್ಲ, ಆ ಒಕ್ಕದವರು ಬರೆಯುವುದೇ ಅಂತಿಮ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಹಾಕಿ ಹಬ್ಬದಂಥದ್ದನ್ನು ತೋರಿಸುವಾಗ ನೂರಾರು ಮನೆತನಗಳ ಹೆಸರು ಸ್ಕೋರ್ ಪಟ್ಟಿಗೆ ಬರುತ್ತವೆ. ಪಂದ್ಯದ ದಿನ ಟೈಪ್ ಮಾಡುವ ಕೆಲಸ ಇಟ್ಟುಕೊಳ್ಳಬೇಡಿ, ವಾರ ಮೊದಲೇ ಪಟ್ಟಿ ತರಿಸಿ ಓದಿಸಿ ಸರಿಮಾಡಿಕೊಳ್ಳಿ.

ನೇರಪ್ರಸಾರ

ನಾಲ್ಕು ಸಿಮ್ ಕೂಡಿಸುವ ಬಾಂಡಿಂಗ್ ಪೆಟ್ಟಿಗೆ ಇದ್ದರೆ ಸಾಕು ಅನ್ನುವವರು ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗಿ ನೋಡಬೇಕು. ಮೂರು ದಿನ ಮೊದಲು ಪರೀಕ್ಷೆ ಮಾಡಿದಾಗ ಚೆನ್ನಾಗಿ ಬರುವ ನೆಟ್‌ವರ್ಕ್, ತೀರ್ಥೋದ್ಭವದ ಹೊತ್ತಿಗೆ ಜನ ಸೇರಿ ಎಲ್ಲರೂ ಫೋನ್ ಎತ್ತಿದಾಗ ಅಪ್‌ಲೋಡ್ ಶೂನ್ಯಕ್ಕೆ ಇಳಿಯುತ್ತದೆ. ನಾಲ್ಕು ಸಿಮ್ ಇದ್ದರೂ ನಾಲ್ಕಕ್ಕೂ ಅದೇ ಗತಿ. ಜನ ಸೇರುವ ಜಾಗಕ್ಕೆ ನಮ್ಮದೇ ದಾರಿ ಬೇಕು: ಫೈಬರ್ ಎಳೆಯುವುದು, ಇಲ್ಲವೇ 5 ಗಿಗಾಹರ್ಟ್ಜ್‌ನ ಜೋಡಿ ಡಿಶ್ ಕಟ್ಟಿ ಜನಸಂದಣಿಯಿಂದ ಹೊರಗಿನ ಒಂದು ಬ್ರಾಡ್‌ಬ್ಯಾಂಡ್ ಜಾಗಕ್ಕೆ ಇಳಿಸುವುದು. ಈ 5 ಗಿಗಾಹರ್ಟ್ಜ್ ಬ್ಯಾಂಡಿನ ಬಹುಭಾಗ 2018ರಿಂದ ಪರವಾನಗಿ ಇಲ್ಲದೆ ಬಳಸಬಹುದಾದದ್ದು.

5.8 ಗಿಗಾಹರ್ಟ್ಜ್‌ಗೆ ಮಂಜು ಏನೂ ಮಾಡುವುದಿಲ್ಲ, ಅಡ್ಡಿ ಮರಗಳದ್ದು. ಕಣ್ಣಿಗೆ ಎದುರು ಬೆಟ್ಟ ಕಂಡರೆ ಸಾಲದು, 10 ಕಿ.ಮೀ. ದೂರಕ್ಕೆ ನಟ್ಟನಡುವೆ ಸುಮಾರು 11 ಮೀಟರ್ ತ್ರಿಜ್ಯದ ಜಾಗವನ್ನು ಅಲೆ ಬಳಸುತ್ತದೆ, ಅದರಲ್ಲಿ ಕಡಿಮೆಯೆಂದರೆ 7 ಮೀಟರ್ ಖಾಲಿ ಇರಬೇಕು. ಮಧ್ಯದ ತೋಟದಲ್ಲಿ ಸಿಲ್ವರ್ ಓಕ್ ತುದಿ ಆ ಜಾಗಕ್ಕೆ ನುಗ್ಗಿದ್ದರೆ ಬಿಸಿಲಿನಲ್ಲಿ ಲಿಂಕ್ ನಿಲ್ಲುತ್ತದೆ, ಎಲೆ ಒದ್ದೆಯಾದ ಕೂಡಲೆ ಬೀಳುತ್ತದೆ. ಪರೀಕ್ಷೆ ಮಾಡುವುದಾದರೆ ಮಳೆ ಬಿದ್ದ ಮರುಗಳಿಗೆಯಲ್ಲೇ ಮಾಡಬೇಕು.

ಸಾಗಿಸುವ ವಿಧಾನಕ್ಕೆ ಎಸ್‌ಆರ್‌ಟಿ, ಇಂಟರ್‌ನೆಟ್ಟಿನಲ್ಲಿ ಕಳೆದುಹೋದ ಪ್ಯಾಕೆಟ್ಟನ್ನು ಮತ್ತೆ ಕಳಿಸುವ ಪದ್ಧತಿ. ಅದರ ಮೂಲ ವಿಳಂಬ 120 ಮಿಲಿಸೆಕೆಂಡ್, ಮೊಬೈಲ್ ಜಾಲಕ್ಕೆ ಅದು ಏನೇನೂ ಸಾಲದು. ಹೋಗಿ ಬರುವ ಸಮಯದ ನಾಲ್ಕು ಪಟ್ಟು ಎಂಬುದು ಪುಸ್ತಕದ ಲೆಕ್ಕ. ಘಟ್ಟದ ಮೇಲಿನ 4ಜಿಗೆ ನಾವು 2,000ಕ್ಕೆ ಇಟ್ಟೆವು. ಎರಡು ಸೆಕೆಂಡ್ ತಡವಾದರೆ ಯಾರಿಗೂ ಗೊತ್ತಾಗುವುದಿಲ್ಲ, ಚಿತ್ರ ಒಡೆದರೆ ಎಲ್ಲರಿಗೂ ಗೊತ್ತಾಗುತ್ತದೆ. ಕರೆ ಮಾಡುವ ತುದಿ ಯಾವಾಗಲೂ ಹೊರಗಿನದ್ದು, ಕೇಳುವ ತುದಿ ಸ್ಥಿರ ಐಪಿ ಇರುವ ಸ್ಟುಡಿಯೊ. ತಿರುಗುಮುರುಗಾದರೆ ಸಿಮ್‌ಗೆ ಸಾರ್ವಜನಿಕ ಐಪಿ ಇರುವುದಿಲ್ಲವಾದ್ದರಿಂದ ಸಂಪರ್ಕವೇ ಆಗದು. 4 ಎಂಬಿಪಿಎಸ್ ಚಿತ್ರಕ್ಕೆ 5 ಎಂಬಿಪಿಎಸ್ ದಾರಿ ಇದೆಯೇ ಎಂದು ನೋಡಿಯೇ ಹೊರಡಿ, ಮರುಕಳುಹಿಸಲು ಕಾಲು ಪಾಲು ಹೆಚ್ಚು ಬೇಕು.

ಮಡಿಕೇರಿ ದಸರೆಯಲ್ಲಿ ತೊಂದರೆ ಬೇರೆ. ವಿಜಯದಶಮಿಯ ರಾತ್ರಿ ದಶಮಂಟಪಗಳು ಹೊರಟು ಬೆಳಗಿನವರೆಗೂ ನಡೆಯುತ್ತದೆ. ಅಲೆದಾಡುವ ಕ್ಯಾಮೆರಾ ಜನರ ಮಧ್ಯೆ ಸಿಕ್ಕಿಕೊಳ್ಳುತ್ತದೆ. ಮೂರು ಕಟ್ಟಡಗಳ ಮೇಲೆ ಸ್ಥಿರ ಕ್ಯಾಮೆರಾ, ಹಗಲೇ ಎಳೆದ ಕೇಬಲ್, ಒಬ್ಬೊಬ್ಬರಿಗೆ ಎರಡೆರಡು ಬ್ಯಾಟರಿ, ಇದು ನಡೆದದ್ದು. ಎಕ್ಸ್‌ಪೋಶರ್ ಕೈಯಲ್ಲೇ ಕಟ್ಟಿಡಿ, ಇಲ್ಲದಿದ್ದರೆ ಮಂಟಪದ ದೀಪ ಮಿನುಗಿದಂತೆಲ್ಲ ಪೂರ್ತಿ ಚಿತ್ರ ಏರಿಳಿಯುತ್ತದೆ. ಮಂಟಪಗಳಲ್ಲಿ ಸಿನಿಮಾ ಹಾಡು ಹಾಕುತ್ತಾರೆ, ಅದರ ಹಕ್ಕು ನಮ್ಮದಲ್ಲ. ಹಾಡು ಜೋರಾದಾಗ ಜನರ ಸದ್ದಿನ ಮೈಕ್ ಇಳಿಸಿ ವೀಕ್ಷಕ ವಿವರಣೆ ಏರಿಸಬೇಕು.

ಜಾಹೀರಾತು

ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಕೇಬಲ್ ಟಿವಿ ನಿಯಮಗಳಿಗೆ ವಿರುದ್ಧ. ಅದರಲ್ಲೂ 2 ನಿಮಿಷ ನಮ್ಮದೇ ಕಾರ್ಯಕ್ರಮದ ಪ್ರಚಾರದ್ದು. ಸಣ್ಣ ಚಾನೆಲ್ಲಿಗೆ 6 ನಿಮಿಷ ತುಂಬಿದರೆ ಹಬ್ಬ. ಮದ್ಯ, ತಂಬಾಕು ಸಲ್ಲದು. ಇಲ್ಲಿ ಪ್ರವಾಸಿಗರಿಗೆ ಮಾರುವ 'ಹೋಂ ಮೇಡ್ ವೈನ್' ಅಂಗಡಿಯವರು ಮಸಾಲೆ, ಜೇನು, ಚಾಕೊಲೇಟ್ ಜೊತೆ ವೈನ್ ಬಾಟಲಿಯ ಚಿತ್ರವನ್ನೂ ಸೇರಿಸಿ ಕೊಡುತ್ತಾರೆ. ಆ ಒಂದು ಚಿತ್ರ ತೆಗೆಸಿಯೇ ಹಾಕಬೇಕು.

ನಿಧನ ವಾರ್ತೆ, ಶ್ರದ್ಧಾಂಜಲಿ ಸ್ಥಳೀಯ ಚಾನೆಲ್ಲಿನ ಖಚಿತ ಆದಾಯ, ಖಚಿತ ಅಪಾಯ ಕೂಡ. ಫೋನಿನಲ್ಲಿ ಹೇಳಿದ್ದನ್ನು ಹಾಕಬೇಡಿ. ಬರಹದಲ್ಲಿ, ಕಳಿಸಿದವರ ಸಂಬಂಧ ಸಹಿತ ತರಿಸಿಕೊಂಡು, ಆ ಮನೆಯ ಇನ್ನೊಬ್ಬರಿಗೆ ನಾವೇ ಫೋನ್ ಮಾಡಿ ಕೇಳಿದ ಮೇಲೆ ಹಾಕಬೇಕು. ಚುನಾವಣೆಯಲ್ಲಿ ರಾಜಕೀಯ ಜಾಹೀರಾತಿಗೆ ಜಿಲ್ಲೆಯ ಮಾಧ್ಯಮ ಪ್ರಮಾಣೀಕರಣ ಸಮಿತಿಯ ಒಪ್ಪಿಗೆ ಪತ್ರ ಮೊದಲೇ ಬೇಕು. ಮತದಾನ ಮುಗಿಯುವ ಮುಂಚಿನ 48 ಗಂಟೆಯಲ್ಲಿ ಪ್ರಚಾರದ ಯಾವುದೂ ಬರುವಂತಿಲ್ಲ. ನಾಲ್ಕು ಗಂಟೆಯ ಸುತ್ತು ತಾನೇ ತಿರುಗುತ್ತಿರುತ್ತದೆ ಎಂಬುದನ್ನು ಮರೆತರೆ ಹಿಂದಿನ ದಿನದ ಭಾಷಣ ಆ ಗಂಟೆಗಳ ಒಳಗೆ ತಾನಾಗಿ ಬಂದು ಕೂರುತ್ತದೆ. ಆ ಎರಡು ದಿನಕ್ಕೆ ಪಟ್ಟಿಯನ್ನೇ ಬೇರೆ ಮಾಡಿ.

ಮಳೆಗಾಲ

2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು, ಮಕ್ಕಂದೂರು ಕಡೆ ಗುಡ್ಡ ಕುಸಿದಾಗ ಮಡಿಕೇರಿ-ಸಂಪಾಜೆ ರಸ್ತೆಯೇ ಹೋಯಿತು. ಇಂಥ ರಸ್ತೆಯ ಪಕ್ಕದ ಒಂದೇ ಫೈಬರನ್ನು ನಂಬಬಾರದು. ಕುಶಾಲನಗರ ಕಡೆಯಿಂದ ಒಂದು, ಸಂಪಾಜೆ ಕಡೆಯಿಂದ ಒಂದು ಇಂಟರ್‌ನೆಟ್ ದಾರಿ ಇರಲಿ, ಬೇರೆ ಬೇರೆ ಸಂಸ್ಥೆಯದ್ದು ಎಂಬುದಷ್ಟೇ ಸಾಲದು, ಬೇರೆ ಬೇರೆ ರಸ್ತೆಯದ್ದೇ ಎಂದು ನಕ್ಷೆ ನೋಡಿ ಖಚಿತ ಮಾಡಿಕೊಳ್ಳಿ.

ಕರೆಂಟ್ ಎರಡು ಮೂರು ದಿನ ಇಲ್ಲದಿರುವುದು ಜುಲೈನಲ್ಲಿ ಸಾಮಾನ್ಯ. ಪ್ಲೇಔಟ್, ಎನ್‌ಕೋಡರ್, ಸ್ವಿಚ್ ಸೇರಿ ನಮ್ಮ ಹೊರೆ 600 ವಾಟ್. 48 ವೋಲ್ಟ್ 150 ಎಎಚ್ ಬ್ಯಾಟರಿ ಕಾಗದದ ಮೇಲೆ 7,200 ವಾಟ್-ಗಂಟೆ; ಲೆಡ್ ಆಸಿಡ್ ಆದ್ದರಿಂದ ಅರ್ಧ ಮಾತ್ರ ಬಳಸಿ, ಇನ್ವರ್ಟರ್ ನಷ್ಟ ಕಳೆದರೆ 3,060, ಅಂದರೆ 5 ಗಂಟೆ. 12 ಗಂಟೆ ಬರುತ್ತದೆಂದು ಮಾರುವವರು ಹೇಳಿದ್ದು ಪೂರ್ತಿ ಬರಿದು ಮಾಡುವ ಲೆಕ್ಕ, ಹಾಗೆ ಮಾಡಿದರೆ ಬ್ಯಾಟರಿ ಎರಡನೇ ಮಳೆಗಾಲ ಕಾಣುವುದಿಲ್ಲ. ಆಮೇಲೆ ಜನರೇಟರ್. ಸ್ಟುಡಿಯೊದ ಎಸಿ, ದೀಪಗಳನ್ನು ಈ ಸಾಲಿನಿಂದ ಬೇರೆ ಮಾಡಿ. ಹೆಡ್‌ಎಂಡ್‌ನ ಡೀಸೆಲ್ ಯಾರು ತುಂಬಿಸಬೇಕೆಂದು ಒಪ್ಪಂದದಲ್ಲಿ ಬರೆಯಿರಿ. ನಮ್ಮ ಕಡೆ ಕರೆಂಟ್ ಇದ್ದು ಅಲ್ಲಿ ಇಲ್ಲದಿದ್ದರೆ ಪರದೆ ಕಪ್ಪೇ.

ಸಿಡಿಲು ಬರುವುದು ಮಳೆಗಾಲಕ್ಕೂ ಮೊದಲು, ಏಪ್ರಿಲ್-ಮೇ ಮಧ್ಯಾಹ್ನ. ಫೈಬರಿಗೆ ಸಿಡಿಲು ತಾಗುವುದಿಲ್ಲ ಎಂಬುದು ಅರ್ಧ ಸತ್ಯ. ಕಂಬದಿಂದ ಕಂಬಕ್ಕೆ ಅದನ್ನು ಹೊತ್ತಿರುವ ಉಕ್ಕಿನ ತಂತಿಗೆ ತಾಗುತ್ತದೆ, ಅದು ನೇರ ರ‍್ಯಾಕ್‌ವರೆಗೆ ಬಂದಿದ್ದರೆ ಎಲ್ಲವೂ ಹೋಗುತ್ತದೆ. ಆ ತಂತಿಯನ್ನು ಕಟ್ಟಡದ ಹೊರಗೇ ಕತ್ತರಿಸಿ ಅರ್ತ್ ಮಾಡಿ. ಅರ್ತ್ ಪಿಟ್ 5 ಓಮ್‌ಗಿಂತ ಕೆಳಗಿರಬೇಕು. ಬೇಸಿಗೆಯ ಕೊನೆಯಲ್ಲಿ ಮಣ್ಣು ಒಣಗಿದಾಗಲೇ ಅಳೆಯಿರಿ, ಜುಲೈನಲ್ಲಿ ಅಳೆದರೆ ಯಾವ ಗುಂಡಿಯೂ ಚೆನ್ನಾಗಿಯೇ ತೋರಿಸುತ್ತದೆ. ಹೊರಗಿನ ಪ್ರತಿ ಕನೆಕ್ಟರಿಗೆ ಸ್ವಯಂ ಬೆಸೆಯುವ ರಬ್ಬರ್ ಟೇಪ್ ಕೆಳಗಿನಿಂದ ಮೇಲಕ್ಕೆ ಸುತ್ತಿ, ಕೇಬಲ್ ಪೆಟ್ಟಿಗೆಗೆ ಹೋಗುವ ಮುಂಚೆ ಕೆಳಗೆ ಜೋತುಬೀಳುವಂತೆ ಒಂದು ಬಳುಕು ಬಿಡಿ, ನೀರು ಅಲ್ಲಿಂದ ತೊಟ್ಟಿಕ್ಕಲಿ.

ಲೆನ್ಸಿಗೆ ಬೂಷ್ಟು ಹಿಡಿಯಲು ಕೊಡಗಿನಲ್ಲಿ ಮೂರು ವಾರ ಸಾಕು. ಚೀಲದೊಳಗೆ ಇಡಬೇಡಿ, ಚೀಲವೇ ತೇವ ಹಿಡಿದಿರುತ್ತದೆ. ಮುಚ್ಚಳ ಬಿಗಿಯಾಗುವ ಪ್ಲಾಸ್ಟಿಕ್ ಡಬ್ಬಿ, ಅರ್ಧ ಕೆ.ಜಿ. ಸಿಲಿಕಾ ಜೆಲ್, ಒಂದು ತೇವಮಾಪಕ. ಮುಳ್ಳು 40ರಿಂದ 50ರ ನಡುವೆ ಇರಬೇಕು. ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿದರೆ ಸಣ್ಣ ಉರಿಯ ಮೇಲೆ ಬಾಣಲೆಯಲ್ಲಿ ಕೈಯಾಡಿಸುತ್ತಾ ಮತ್ತೆ ನೀಲಿಯಾಗುವವರೆಗೆ ಒಣಗಿಸಬೇಕು. ಆ ಬಾಣಲೆ ಅಡುಗೆಗೆ ಮತ್ತೆ ಬಳಸುವಂತಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಇದು ಪ್ರತಿ ಸೋಮವಾರದ ಕೆಲಸ.